ಬಿಳಿ ಮೂರಕ್ಕೆ ಮಾರಿದ್ದು

ನಮ್ಮ ದೊಡ್ಡಪ್ಪ ಮನುಷ್ಯರ ಕಿವಿಗೆ ಬೀಳುವ ಹಾಗೆ ಆಡಿದ ಕೊನೆಯ ಮಾತು, “ಕಿವಿ ಹತ್ರ ಜಾಸ್ತಿ ತೆಗಿಬೇಡಪ್ಪ” ಎಂಬುದು. ಆಡಿದ್ದು ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತು, ಒಂದು ಶುಕ್ರವಾರ ಮಧ್ಯಾಹ್ನ ಹನ್ನೆರಡೂವರೆಗೆ. ಅವರು ಕುರ್ಚಿ ಹತ್ತಿದಾಗ ನವಕಣ ಸೆಮಿಕಂಡಕ್ಟರ್ಸ್ ಕಂಪನಿಯ ಷೇರು ಹಾರ್ಮೋನಿಯಂನ ಕೊನೆಯ ಮನೆಗಿಂತ ಎರಡೇ ಮನೆ ಕೆಳಗಿತ್ತು. ಕೊರಳಿಗೆ ಕಟ್ಟಿದ್ದ ಬಿಳಿ ಬಟ್ಟೆ ಬಿಚ್ಚಿ ಕೊಡವುವ ಹೊತ್ತಿಗೆ ಅದು ಕೊನೆಯ ಮನೆಯನ್ನೂ ದಾಟಿ ಎಲ್ಲಿಗೋ ಹೋಗಿಬಿಟ್ಟಿತ್ತು. ದೊಡ್ಡಪ್ಪ ಕನ್ನಡಿ ನೋಡಿಕೊಂಡು ಏನೋ ಹೇಳಿದರು. ಬಾಯಿ ಆಡಿತು, ಮಾತು ಕೇಳಲಿಲ್ಲ. ಅಂಗಡಿಯ ಮುಂದೆ ಮಲಗಿದ್ದ ನಾಯಿ ಮಾತ್ರ ಎದ್ದು ಒಳಗೆ ಬಂದು, ಅವರ ಕಾಲ ಬಳಿ ಕೂತು, ಇನ್ನೊಂದು ಸಲ ಹೇಳಿ ಎಂಬಂತೆ ಮುಖ ನೋಡಿತು.

ನಮ್ಮೂರಿನಲ್ಲಿ ಷೇರು ಕೊಂಡವರ ದನಿ ಷೇರಿನ ಬೆಲೆಯ ಜೊತೆಗೇ ಏರುತ್ತದೆ, ಜೊತೆಗೇ ಇಳಿಯುತ್ತದೆ. ಅದಕ್ಕೇ ಇಲ್ಲಿ ಬೆಲೆ ಅಳೆಯುವುದು ಹಾರ್ಮೋನಿಯಂನ ಮನೆಗಳಲ್ಲಿ. ಮಾರಿದ ಗಳಿಗೆಯಲ್ಲಿ ಯಾವ ದನಿ ಇತ್ತೋ ಅದೇ ಮುಂದಕ್ಕೆ ಉಳಿಯುತ್ತದೆ. ಕೆಲವು ಊರುಗಳಲ್ಲಿ ಬಾವಿಯ ನೀರು ಉಪ್ಪಾಗಿರುವುದಿಲ್ಲವೇ, ಇದೂ ಹಾಗೆಯೇ. ಹೀಗಾಗಿ ನಮ್ಮಲ್ಲಿ ಉಳ್ಳವರದೆಲ್ಲ ಕೀಚು ದನಿ. ಹೆಣ್ಣು ಕೊಡುವವರು ಗಂಡಿನ ಮನೆಗೆ ಹೋದರೆ ಮೊದಲು ಹುಡುಗನ ತಂದೆಯ ಬಾಯಿಂದ ನಾಲ್ಕು ಮಾತು ಹೊರಡಿಸುತ್ತಾರೆ. ಮಾತು ಗುಬ್ಬಿಯ ಹಾಗಿದ್ದರೆ ಕೂತು ಕಾಫಿ ಕುಡಿಯುತ್ತಾರೆ; ಕಪ್ಪೆಯ ಹಾಗಿದ್ದರೆ ಬಸ್ಸಿಗೆ ಹೊತ್ತಾಯಿತು ಎನ್ನುತ್ತಾರೆ. ವರ್ಗವಾಗಿ ಬರುವ ಪೊಲೀಸ್ ಇನ್‌ಸ್ಪೆಕ್ಟರುಗಳು ಬಂದ ವಾರದಲ್ಲೇ ಮುಳುಗುತ್ತಿರುವ ಯಾವುದಾದರೂ ಕಂಪನಿ ಹುಡುಕಿ ನೂರು ಷೇರು ಕೊಳ್ಳುತ್ತಾರೆ, ಗದರಿಸಲು ದನಿ ಬೇಕಲ್ಲ. ಹೈಸ್ಕೂಲಿನ ಕನ್ನಡ ಮೇಷ್ಟ್ರು ಏರುವುದನ್ನು ಅರ್ಧ, ಇಳಿಯುವುದನ್ನು ಅರ್ಧ ಇಟ್ಟುಕೊಂಡು ಷಟ್ಪದಿಗೆ ತೊಂದರೆಯಾಗದಂತೆ ನೋಡಿಕೊಂಡಿದ್ದಾರೆ. ಮಠದ ಸ್ವಾಮಿಗಳು ಷೇರು ಮುಟ್ಟುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಆದರೂ ಬಜೆಟ್ಟಿನ ದಿನ ಆಶೀರ್ವಚನ ಇಟ್ಟುಕೊಳ್ಳುವ ರೂಢಿಯಿಲ್ಲ.

ಇಳಿದು ಇಳಿದು ತಳ ಕಂಡವರೂ ಇದ್ದಾರೆ. ಪಾತ್ರೆ ಅಂಗಡಿಯ ವೀರಭದ್ರಪ್ಪ ಒಂದು ಕಾಗದದ ಕಾರ್ಖಾನೆಯನ್ನು ನಂಬಿ, ಇವತ್ತು ಏರುತ್ತದೆ ನಾಳೆ ಏರುತ್ತದೆ ಎಂದು ಹಿಡಿದುಕೊಂಡೇ ಕೂತಿದ್ದರು. ಕಾರ್ಖಾನೆ ಮುಚ್ಚಿತು. ಈಗ ಅವರು ಮಾತಾಡಿದರೆ ಕಿವಿಗೆ ಏನೂ ಕೇಳುವುದಿಲ್ಲ, ಅಂಗಡಿಯಲ್ಲಿ ಜೋಡಿಸಿಟ್ಟ ಸ್ಟೀಲ್ ಲೋಟಗಳು ಸಣ್ಣಗೆ ನಡುಗುತ್ತವೆ, ಅಷ್ಟೆ. ಅವರ ಹೆಂಡತಿ ಗೋಡೆಗೆ ಅಂಗೈ ಒತ್ತಿಕೊಂಡು, “ಅನ್ನ ಸಾಕಂತೆ, ಮಜ್ಜಿಗೆ ಕೇಳ್ತಿದಾರೆ” ಎಂದು ಬಂದವರಿಗೆ ತಿಳಿಸುತ್ತಾರೆ.

ನನ್ನ ಹೆಸರು ದಾಕ್ಷಾಯಿಣಿ. ಭೌತಶಾಸ್ತ್ರ ಓದಿ ಬಿ.ಎಸ್ಸಿ. ಮುಗಿಸಿ ಬಸ್ ನಿಲ್ದಾಣದಲ್ಲಿ ಬಸ್ಸುಗಳ ಹೆಸರು ಕೂಗುತ್ತೇನೆ. ಈ ಕೆಲಸ ಮಾಡುವವರು ಷೇರು ಇಟ್ಟುಕೊಳ್ಳಬಾರದು ಎಂದು ಡಿಪೊದ ಕಟ್ಟುನಿಟ್ಟು. ನನಗಿಂತ ಮುಂಚೆ ಇದ್ದವರು ಕದ್ದು ರಬ್ಬರ್ ಕಂಪನಿಯ ಷೇರು ಕೊಂಡಿದ್ದರಂತೆ. ಅದು ಬಿದ್ದ ದಿನ ಅವರು “ಪ್ರಯಾಣಿಕರ ಗಮನಕ್ಕೆ” ಎಂದ ದನಿ ಕೇಳಿ, ಅರ್ಧ ಜನ ಪ್ರಯಾಣವನ್ನೇ ಕೈಬಿಟ್ಟು ಮನೆಗೆ ಹೋಗಿ ದೇವರಿಗೆ ದೀಪ ಹಚ್ಚಿದರಂತೆ. ನನಗೆ ಷೇರಿನ ಚಟವಿಲ್ಲ, ಅಣಕಿಸುವ ಚಟವಿದೆ. ಯಾರದ್ದೇ ದನಿಯಾಗಲಿ ಎರಡು ಸಲ ಕೇಳಿದರೆ ಮೂರನೆಯ ಸಲಕ್ಕೆ ನನ್ನ ಬಾಯಲ್ಲಿರುತ್ತದೆ. ಒಮ್ಮೆ ಡಿಪೊ ಮ್ಯಾನೇಜರ ದನಿಯಲ್ಲಿ ಮೈಕಿನೊಳಗೆ ಮೂವರು ಕಂಡಕ್ಟರುಗಳಿಗೆ ರಜೆ ಮಂಜೂರು ಮಾಡಿದೆ. ಅವರು ಹೋಗಿಯೇಬಿಟ್ಟರು. ಮ್ಯಾನೇಜರು ಮಾರನೆಯ ದಿನ ನನ್ನನ್ನು ಕರೆಸಿ, “ಕೊಟ್ಟಿದ್ದು ನಾನೇ ಇರಬಹುದೇನೋ ಅಂತ ನನಗೂ ಒಂದು ಗಳಿಗೆ ಅನ್ನಿಸ್ತು ಕಣಮ್ಮ, ಇನ್ನೊಂದು ಸಲ ಹೀಗೆ ಮಾಡಬೇಡ” ಎಂದರು.

ದೊಡ್ಡಪ್ಪ, ಅಂದರೆ ತಿಪ್ಪೇರುದ್ರಪ್ಪನವರು, ಮೂವತ್ತೆಂಟು ವರ್ಷ ರೇಡಿಯೊ ರಿಪೇರಿ ಮಾಡಿದವರು. ಸೆಮಿಕಂಡಕ್ಟರ್ ಎಂಬುದು ಊರಿನ ಉಳಿದವರಿಗೆ ಟೀವಿಯಲ್ಲಿ ಓಡುವ ಅಕ್ಷರವಾಗಿತ್ತು. ಅವರಿಗೆ ಅದು ಅಂಗೈಯಲ್ಲಿಟ್ಟು ನೋಡಿದ ಕಾಳು. ಅಂಗಡಿ ಮಾರಿ, ಬಂದದ್ದಷ್ಟನ್ನೂ ನವಕಣದ ಮೇಲೆ ಹಾಕುತ್ತೇನೆ ಎಂದು ಅವರು ಹೇಳಿದ ದಿನ ನಾನು ಅಲ್ಲೇ ಇದ್ದೆ.

“ಇವನ್ನ ಚಿಮಟದಲ್ಲಿ ಹಿಡ್ಕೊಂಡೇ ಮುದುಕ ಆದವನು ನಾನು. ಆಗ ಒಂದು ರೇಡಿಯೋಲಿ ಏಳು ಇರ್ತಿದ್ವು, ಎಣಿಸಬಹುದಿತ್ತು. ಈಗ ಒಂದು ಫೋನಲ್ಲಿ ಎಷ್ಟಿದಾವೆ ಅಂತ ಮಾಡಿದವನಿಗೂ ಗೊತ್ತಿಲ್ಲ. ನಾಳೆ ಚಪ್ಪಲಿಗೂ ಹಾಕ್ತಾರೆ, ಚಮಚಕ್ಕೂ ಹಾಕ್ತಾರೆ. ಜನ ಅಕ್ಕಿ ಬಿಟ್ಟು ಬದುಕಿದ್ರೂ ಬದುಕ್ಯಾರು, ಇದನ್ನ ಬಿಟ್ಟು ಬದುಕಲ್ಲ.”

ನಿಲ್ದಾಣದ ಹುಚ್ಚೀರಪ್ಪ, ಬಯಲುಸೀಮೆಯ ಕಡೆಯವನು, ಸುದ್ದಿ ಕೇಳಿ ಟಿಕೆಟ್ ಚೀಲ ಮೊಣಕಾಲ ಮೇಲಿಟ್ಟುಕೊಂಡು ನಿಟ್ಟುಸಿರುಬಿಟ್ಟ. “ನಾ ಇಪ್ಪತ್ತೆರಡು ವರ್ಷ ಆತವ್ವ, ಫುಲ್ ಕಂಡಕ್ಟರ್ ಅದೀನಿ. ನನ್ನ ಮ್ಯಾಲೆ ಯಾರೂ ಎಂಟಾಣೆ ಹಾಕಲಿಲ್ಲ. ನಿಮ್ಮ ದೊಡ್ಡಪ್ಪ ಅರ್ಧಾ ಕಂಡಕ್ಟರ್ ಮ್ಯಾಲೆ ಅಂಗಡೀನ ಹಾಕ್ಯಾರ.”

ಷೇರು ಕೊಳ್ಳುವುದು ಮಾರುವುದು ಎಲ್ಲ ನಮ್ಮಲ್ಲಿ ಪದ್ಮರಾಜಯ್ಯನವರ ಅಂಗಡಿಯಲ್ಲೇ. ಅಲ್ಲಿ ಸಹಿಗೆ ಬೆಲೆಯಿಲ್ಲ. ಸಹಿಯನ್ನು ಪ್ರೋಗ್ರೆಸ್ ಕಾರ್ಡಿನ ಕಾಲದಿಂದ ಎಲ್ಲರೂ ನಕಲು ಮಾಡಿದವರೇ. ಪದ್ಮರಾಜಯ್ಯನವರು ಒಂದು ಕಿವಿಗೆ ಫೋನು ಹಚ್ಚಿಕೊಂಡು, ಆ ಹೊತ್ತಿನ ಬೆಲೆಗೆ ತಕ್ಕ ಹಾರ್ಮೋನಿಯಂ ಮನೆ ಒತ್ತಿ, ಕಣ್ಣು ಮುಚ್ಚಿ, “ಹೇಳಿ” ಎನ್ನುತ್ತಾರೆ. ಗಿರಾಕಿ ಎದುರು ನಿಂತು ಸ್ವಂತ ಬಾಯಲ್ಲಿ “ಮಾರು” ಎನ್ನಬೇಕು. ದನಿಯೂ ಸ್ವರವೂ ಒಂದರೊಳಗೊಂದು ಕೂತರೆ ವ್ಯಾಪಾರ ಆಯಿತು. ಒಂದು ಎಳೆ ಹೆಚ್ಚುಕಡಿಮೆಯಾದರೂ ತಲೆ ಅಲ್ಲಾಡಿಸಿ ಮುಂದಿನವರನ್ನು ಕರೆಯುತ್ತಾರೆ. ಷೇರು ಕೊಳ್ಳುವ ದಿನ ಗಿರಾಕಿಯ ಸಹಜ ದನಿ ಯಾವ ಮನೆಗೆ ಕೂಡುತ್ತದೆ ಎಂದು ನೋಡಿ, ಆ ಮನೆಗೆ ಅವನ ಹೆಂಡತಿಯ ಕೈಲಿ ಕುಂಕುಮ ಇಡಿಸುವುದು ಪದ್ಧತಿ. ದೊಡ್ಡಪ್ಪನ ದನಿ ಕೆಳಗಿನ ಸಾಲಿನ ಬಿಳಿ ಮೂರಕ್ಕೆ, ಅಂದರೆ ಮೂರನೆಯ ಬಿಳಿ ಮನೆಗೆ, ಕೂಡಿತು. ನಮ್ಮ ದೊಡ್ಡಮ್ಮ ಸರ್ವಮಂಗಳಮ್ಮ ಉಂಗುರದ ಬೆರಳಿನಿಂದ ಅಲ್ಲಿ ಒಂದು ಬೊಟ್ಟು ಇಟ್ಟರು. ಪದ್ಮರಾಜಯ್ಯನವರು ಎಲ್ಲರಿಗೂ ಸಕ್ಕರೆ ಕೊಟ್ಟರು.

ಮೊದಲ ವರ್ಷ ದೊಡ್ಡಪ್ಪನ ದನಿ ನಡುವಯಸ್ಸಿನ ಹೆಂಗಸಿನದಾಯಿತು. ಊರಿನ ಮಂದಿ ಎದ್ದು ಕುರ್ಚಿ ಕೊಡಲು ಶುರು ಮಾಡಿದರು. ಎರಡನೆಯ ವರ್ಷ ಪ್ರಾರ್ಥನೆ ಹೇಳುವ ಹುಡುಗಿಯ ದನಿಯಾಯಿತು. ಸಹಕಾರ ಸಂಘದವರು ಶಾಲು ಹೊದಿಸಿದರು. ದೊಡ್ಡಪ್ಪ ಎದ್ದು ನಿಂತು ಎರಡು ಮಾತು ಆಡಿದ್ದಕ್ಕೆ ಜನ ನಾಡಗೀತೆಯೆಂದು ಎದ್ದು ನಿಂತರು. ಹಿಗ್ಗದಿದ್ದವರು ದೊಡ್ಡಮ್ಮ ಒಬ್ಬರೇ. “ಊಟಕ್ಕೆ ಕೂತಾಗ ಯಾರೋ ಪಕ್ಕದ್ಮನೆ ಹುಡುಗಿ ಬಂದು ಸಾರು ಸಪ್ಪೆ ಅಂದ ಹಾಗಾಗುತ್ತೆ ಕಣೇ. ಬೈಯೋಕೂ ಆಗಲ್ಲ” ಎಂದು ನನ್ನ ಹತ್ತಿರ ಹೇಳಿದರು. ಮಾರಿಬಿಡಿ ಎಂದರೆ ದೊಡ್ಡಪ್ಪ, “ಇನ್ನೊಂದು ಮನೆ ಏರಲಿ” ಎನ್ನುತ್ತಿದ್ದರು. ಹಾಗೆ ಒಂದೊಂದೇ ಮನೆ ಏರುತ್ತಿದ್ದಾಗಲೇ ಕ್ಷೌರದ ಶುಕ್ರವಾರ ಬಂದದ್ದು.

ಕ್ಷೌರದಂಗಡಿಯಿಂದ ನೇರವಾಗಿ ಅವರು ಪದ್ಮರಾಜಯ್ಯನವರ ಬಳಿಗೆ ಹೋದರು. ಹಿಂದೆ ನಾಯಿ. ಪದ್ಮರಾಜಯ್ಯನವರು ಬೆರಳನ್ನು ಕೊನೆಯ ಮನೆಯ ಮೇಲಿಟ್ಟು, ಆಮೇಲೆ ಅದರಾಚೆಯ ಮರದ ಪಟ್ಟಿಯ ಮೇಲಿಟ್ಟು ಹೇಳಿದರು: “ತಿಪ್ಪೇರುದ್ರಪ್ನೋರೇ, ಇಲ್ಲಿಂದಾಚೆಗೆ ಮರ. ಮರಕ್ಕೆ ಸ್ವರ ಇಲ್ಲ. ಕೇಳದ ಮಾತಿನ ಮೇಲೆ ನಾನು ಹೇಗೆ ಮಾರ್ಲಿ?”

ಊರಿಗೇ ದೊಡ್ಡ ಶ್ರೀಮಂತ ಯಾರಿಗೂ ಏನೂ ಹೇಳಲಾರದೆ ಮನೆಗೆ ಬಂದ.

ನಾಯಿಗಳಿಗೆ ಮಾತ್ರ ಅವರ ಮಾತು ಕೇಳುತ್ತಿತ್ತು. ಮೊದಲ ವಾರ ಮೂರು ಇದ್ದವು, ತಿಂಗಳು ಕಳೆಯುವುದರೊಳಗೆ ಹನ್ನೊಂದಾದವು. ದೊಡ್ಡಪ್ಪ ಬೆಳಗ್ಗೆ ಒಂಬತ್ತಕ್ಕೆ ಬಸ್ ನಿಲ್ದಾಣದ ಕಲ್ಲುಬೆಂಚಿಗೆ ಬಂದು ಕೂತು ಪೇಪರಿನ ಸುದ್ದಿಯ ಮೇಲೆ ಅಭಿಪ್ರಾಯ ಹೇಳುತ್ತಿದ್ದರು. ಹನ್ನೊಂದು ನಾಯಿಗಳೂ ಸಾಲಾಗಿ ಕೂತು ತಲೆ ವಾರೆ ಮಾಡಿ ಆಲಿಸುತ್ತಿದ್ದವು. ಇಷ್ಟು ಶ್ರದ್ಧೆಯ ಸಭೆ ನಮ್ಮೂರಿನಲ್ಲಿ ಬೇರೆ ಯಾರಿಗೂ ಸಿಕ್ಕಿದ್ದಿಲ್ಲ. ಮನೆಯವರಿಗಾಗಿ ಸ್ಲೇಟು ತಂದರು. ಆದರೆ ಮೂವತ್ತೆಂಟು ವರ್ಷ ಬೆಸುಗೆ ಹಾಕಿದ ಕೈ ಅದು. ಬರೆದ ಅಕ್ಷರಗಳೆಲ್ಲ ತಂತಿಯ ನಕ್ಷೆಯಾಗಿ ಕಾಣುತ್ತಿದ್ದವು. “ನೀರು ಕೊಡು” ಎಂದು ಬರೆದದ್ದನ್ನು ನೋಡಿ ದೊಡ್ಡಮ್ಮ ಎಲೆಕ್ಟ್ರಿಷಿಯನ್ನನ್ನು ಕರೆಸಿದರು.

ಕೊನೆಗೆ ದೊಡ್ಡಮ್ಮ ನನಗೆ ಹೇಳಿಕಳಿಸಿದರು. “ನಿನಗೆ ಎಲ್ಲರ ದನೀನೂ ಬರುತ್ತಲ್ಲ. ಇವರ ತುಟಿ ನೋಡ್ಕೊಂಡು ಇವರ ದನಿ ಹಾಕು. ಹಳೇದು. ಬಿಳಿ ಮೂರರದ್ದು.”

ಅಂದಿನಿಂದ ಸಂಜೆ ಕೆಲಸ ಮುಗಿಸಿಕೊಂಡು ಅವರ ಮನೆಗೆ ಹೋಗಿ, ದೊಡ್ಡಪ್ಪನ ಎದುರು ಮೋಡದ ಮೇಲೆ ಕಣ್ಣಿಟ್ಟ ರೈತನ ಹಾಗೆ ಅವರ ತುಟಿಯ ಮೇಲೆ ಕಣ್ಣಿಟ್ಟು, ಅವರ ಮಾತನ್ನು ಅವರದೇ ಹಳೆಯ ದನಿಯಲ್ಲಿ ಹೇಳತೊಡಗಿದೆ. ಸುಲಭ ಎಂದುಕೊಂಡಿದ್ದೆ. ದೊಡ್ಡಮ್ಮ ಒಪ್ಪಲಿಲ್ಲ. “ಇದು ಅವರು ಗಿರಾಕಿ ಹತ್ರ ಮಾತಾಡ್ತಿದ್ದ ದನಿ. ಮನೇದು ಬೇರೆ.” ಮನೆಯದನ್ನು ಮಾಡಿದೆ. “ಬಂತು, ಆದರೆ ಕೊನೇಲಿ ಸ್ವಲ್ಪ ಕರಕರ ಬೇಕು. ರೇಡಿಯೋಲಿ ಸ್ಟೇಷನ್ನು ಒಂದು ಕೂದಲು ಪಕ್ಕಕ್ಕೆ ಸರಿದಿರುತ್ತಲ್ಲ, ಹಾಗೆ.” ಹಾಗೆಂದು ತಾವೇ ಗಂಟಲಲ್ಲಿ ಸಣ್ಣಗೆ ಮಾಡಿ ತೋರಿಸುವರು. ನಾನು ಅದನ್ನು ಹಿಡಿದುಕೊಂಡು ಹೇಳುವೆ. “ಊಹೂಂ, ಈಗ ಜಾಸ್ತಿ ಆಯ್ತು, ಹುರಿಗಡಲೆ ಜಗಿದ ಹಾಗಿದೆ” ಎಂದು ಮತ್ತೆ ಮಾಡಿ ತೋರಿಸುವರು. ದಿನಾ ಅರ್ಧ ಗಂಟೆ ಇದೇ ಪಾಠ. ದೊಡ್ಡಪ್ಪ ನಮ್ಮಿಬ್ಬರನ್ನೂ ನೋಡುತ್ತ, ತಮ್ಮ ದನಿಯ ಬಗ್ಗೆ ಇಷ್ಟೊಂದು ಚರ್ಚೆ ನಡೆಯುತ್ತಿರುವಾಗ ತಮ್ಮನ್ನು ಯಾರೂ ಕೇಳುತ್ತಿಲ್ಲವೆಂದು ನಾಯಿಗಳ ಹತ್ತಿರ ದೂರು ಹೇಳುತ್ತಿದ್ದರು.

ನನ್ನ ಬಾಯಿ ಸುಮ್ಮನಿರುವ ಜಾತಿಯದಲ್ಲ. ಒಂದು ದಿನ ಊಟಕ್ಕೆ ಕೂತ ದೊಡ್ಡಪ್ಪ, ಪಲ್ಯಕ್ಕೆ ಉಪ್ಪಿಲ್ಲ ಎಂದು ತುಟಿ ಆಡಿಸಿದರು. ನಾನು ಅವರ ದನಿಯಲ್ಲಿ, “ಪಲ್ಯ ಬಹಳ ಚೆನ್ನಾಗಿದೆ ಮಂಗಳಾ” ಎಂದೆ. ದೊಡ್ಡಪ್ಪ ಕಣ್ಣು ಕೆಕ್ಕರಿಸಿದರು, ಬಾಗಿಲಲ್ಲಿ ನಾಯಿಗಳು ಒಟ್ಟಿಗೆ ಬೊಗಳಿದವು. ದೊಡ್ಡಮ್ಮ ಸೌಟು ಕೆಳಗಿಟ್ಟು ನನ್ನ ಕಡೆ ತಿರುಗಿ, “ನಲವತ್ತು ವರ್ಷದಲ್ಲಿ ಒಂದು ದಿನ ಹಾಗಂದಿಲ್ಲ ಅವರು. ಸುಳ್ಳು ಹೇಳೋದಾದ್ರೂ ಅವರು ಹೇಳೋ ಸುಳ್ಳು ಹೇಳು” ಎಂದರು.

ದೊಡ್ಡಪ್ಪನಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ಬೆಲೆ ಇಳಿದು ಮಾತು ಮರಳಿ ಬಂದು ಷೇರು ಮಾರಿದ ದಿನ ಮೂರರಲ್ಲಿ ಒಂದು ಪಾಲು ನನಗೆ ಎಂದು ಸ್ಲೇಟಿನ ಮೇಲೆ ಬರೆದು ತೋರಿಸಿದರು. ಅದನ್ನು ಓದಲು ಮಾತ್ರ ನನಗೆ ಸ್ವಲ್ಪವೂ ಕಷ್ಟವಾಗಲಿಲ್ಲ. ನಿಲ್ದಾಣದ ಎದುರು ಖಾಲಿಯಿದ್ದ ಕೋಣೆಯಲ್ಲಿ ಒಳ್ಳೆಯ ಮೈಕು ತಂದಿಟ್ಟು, ಗೋಡೆಗೆ ದಪ್ಪ ಬಟ್ಟೆ ಹೊಡೆಸಿ, ನನ್ನದೇ ಒಂದು ಧ್ವನಿಮುದ್ರಣದ ಅಂಗಡಿ ಇಡುವುದು ನನ್ನ ಬಹುದಿನದ ಆಸೆಯಾಗಿತ್ತು. ಪಾಲು ಎಂಬ ಮಾತು ತಲೆಗೆ ಹೊಕ್ಕ ಮೇಲೆ ನಾನು ದಿನಾ ಬೆಳಗ್ಗೆ ಆ ಕೋಣೆಯ ಬೀಗ ಮುಟ್ಟಿ ನೋಡಿಕೊಂಡೇ ಕೆಲಸಕ್ಕೆ ಹೋಗತೊಡಗಿದೆ.

ದೊಡ್ಡಮ್ಮನ ಲೆಕ್ಕಾಚಾರ ಬೇರೆ ಇತ್ತು. ಅವರು ಒಳ್ಳೆಯ ಶೇಂಗಾ ಚಿಕ್ಕಿ ಮಾಡುತ್ತಾರೆ. ಒಳ್ಳೆಯದು ಎಂದರೆ ರುಚಿಗೆ; ಹಲ್ಲಿಗೆ ಅಲ್ಲ. ಒಂದು ತುಂಡು ಬಾಯಿಗೆ ಹಾಕಿಕೊಂಡರೆ ಮೇಲಿನ ಸಾಲು ಕೆಳಗಿನ ಸಾಲಿಗೆ ಅಂಟಿ ಕಾಲು ಗಂಟೆ ಮೌನವ್ರತ. ಊರಿನ ಹಲ್ಲಿನ ಡಾಕ್ಟರು ಎದುರಿಗೆ ಬಂದರೆ ದೊಡ್ಡಮ್ಮನಿಗೆ ಕೈಮುಗಿದೇ ಮುಂದೆ ಹೋಗುವುದು. ಒಂದು ಸಂಜೆ ಪಾಕ ತಟ್ಟೆಗೆ ಸುರಿಯುತ್ತ ಹೇಳಿದರು:

“ಇವರು ಏನು ಹೇಳ್ತಾರೆ ಅಂತ ನನಗೆ ಬೇಕಾಗಿಲ್ಲ ಕಣೇ ದಾಕ್ಷಿ. ಏನು ಹೇಳ್ತಾರೆ ಅಂತ ನನಗೆ ಗೊತ್ತು. ಅವರು ಹೇಳೋದನ್ನ ಕೇಳ್ಬೇಕು ಅಷ್ಟೆ.”

“ಇಳಿಯುತ್ತೆ ಬಿಡಿ ದೊಡ್ಡಮ್ಮ. ಏರಿದ್ದು ಇಳಿಯದೇ ಇರುತ್ತಾ.”

“ಇಳಿದ್ರೂ ಕಷ್ಟ. ಮೇಲಿನ ಮನೇಲೇ ಮಾರಿಬಿಟ್ರು ಅನ್ಕೋ, ಸಾಯೋವರೆಗೂ ನಾನು ಸೊಳ್ಳೆ ಜೊತೆ ಸಂಸಾರ ಮಾಡ್ಬೇಕು. ಮಾರದೇ ಕೂತ್ರು ಅನ್ಕೋ, ವೀರಭದ್ರಪ್ಪನ ಹೆಂಡತಿ ಹಾಗೆ ಗೋಡೆ ಹಿಡ್ಕೊಂಡು ನಿಲ್ಲಬೇಕು. ನಾನು ಮದುವೆ ಆಗಿದ್ದು ಬಿಳಿ ಮೂರನ್ನ.”

“ದುಡ್ಡು?”

“ದುಡ್ಡು ಕರೆದ್ರೆ ಓ ಅನ್ನುತ್ತಾ?” ಎಂದು ಕೇಳಿ, ಚಾಕು ತೆಗೆದುಕೊಂಡು ಚಿಕ್ಕಿಗೆ ಗೆರೆ ಹಾಕತೊಡಗಿದರು.

ದೊಡ್ಡಪ್ಪನ ದನಿ ಹೋದ ಎಂಟನೆಯ ತಿಂಗಳಲ್ಲಿ, ಒಂದು ಬುಧವಾರ ಬೆಳಗ್ಗೆ ಹತ್ತೂ ನಲವತ್ತಕ್ಕೆ, ನಾನು ಎರಡನೆಯ ಅಂಕಣದ ಬಸ್ಸು ಕೂಗುತ್ತಿದ್ದೆ. ಕಿಟಕಿಯಿಂದ ನೋಡಿದರೆ ದೊಡ್ಡಪ್ಪನ ಮುಂದೆ ಕೂತಿದ್ದ ನಾಯಿಗಳಲ್ಲಿ ಒಂದು ಎದ್ದು ಮೈ ಕೊಡವಿಕೊಂಡು ಹೊರಟಿತು. ಆಮೇಲೆ ಇನ್ನೆರಡು. ಭಾಷಣ ಮುಗಿದಂತೆ ಹನ್ನೊಂದೂ ತಮ್ಮ ತಮ್ಮ ಬೀದಿಗೆ ಹೋದವು. ಅಷ್ಟರಲ್ಲಿ ನಿಲ್ದಾಣದಲ್ಲಿದ್ದವರೆಲ್ಲ ಒಟ್ಟಿಗೆ ತಮ್ಮ ತಮ್ಮ ಕಿವಿಗೆ ಹೊಡೆದುಕೊಂಡರು. ಹುಚ್ಚೀರಪ್ಪ ಅಂಗೈ ನೋಡಿಕೊಂಡು, “ಹಗಲೊತ್ನ್ಯಾಗ ಇಷ್ಟು ಸೊಳ್ಳಿ ಎಲ್ಲಿಂದ ಬಂದ್ವು” ಎಂದ. ಸೊಳ್ಳೆ ಇರಲಿಲ್ಲ. ಕಲ್ಲುಬೆಂಚಿನ ಮೇಲೆ ದೊಡ್ಡಪ್ಪ ಮಾತಾಡುತ್ತಿದ್ದರು.

ನಾನು ಮೈಕಿನಲ್ಲಿ, ತಾಂತ್ರಿಕ ಕಾರಣದಿಂದ ಪ್ರಯಾಣಿಕರು ತಮ್ಮ ಬಸ್ಸನ್ನು ತಾವೇ ಹುಡುಕಿಕೊಳ್ಳತಕ್ಕದ್ದು ಎಂದು ಹೇಳಿ, ದೊಡ್ಡಮ್ಮನಿಗೆ ಫೋನು ಮಾಡಿ, ದೊಡ್ಡಪ್ಪನ ಕೈ ಹಿಡಿದು ಪದ್ಮರಾಜಯ್ಯನವರ ಅಂಗಡಿಗೆ ಓಡಿದೆ. ನವಕಣದ ಯಾರೋ ಹೊರದೇಶದ ದೊಡ್ಡ ಗಿರಾಕಿ, ಈ ವರ್ಷಕ್ಕೆ ಚಿಪ್ ಸಾಕು ಎಂದಿದ್ದನಂತೆ. ಅವನು ಸಾಕು ಎಂದದ್ದಕ್ಕೆ ನಮ್ಮೂರಿನಲ್ಲಿ ಅರ್ಧ ಬೀದಿಯೇ ಅಂಗಡಿಯ ಮುಂದೆ ಸೇರಿತ್ತು. ವೀರಭದ್ರಪ್ಪನವರೂ ಬಂದು ಮೂಲೆಯಲ್ಲಿ ನಿಂತು ಏನೋ ಹಿತವಚನ ಹೇಳುತ್ತಿದ್ದರು. ಕಿಟಕಿಯ ಗಾಜು ಗುಯ್‌ಗುಡುತ್ತಿತ್ತು. ದೊಡ್ಡಮ್ಮ ಕನ್ನಡಕ ಹಾಕಿಕೊಂಡು, ಚಿಕ್ಕಿ ಡಬ್ಬಿ ಕಂಕುಳಲ್ಲಿಟ್ಟುಕೊಂಡು ಬಂದು ಹಾರ್ಮೋನಿಯಂನ ಪಕ್ಕ ನಿಂತರು.

ಪದ್ಮರಾಜಯ್ಯನವರು ಫೋನು ಕಿವಿಗಿಟ್ಟು ಬೆರಳನ್ನು ಮರದ ಪಟ್ಟಿಯಿಂದ ಕೊನೆಯ ಮನೆಗೆ ತಂದರು. “ತಿಪ್ಪೇರುದ್ರಪ್ನೋರೇ, ಬಂತು. ಕೊನೇ ಮನೆ. ಈಗ ಹೇಳಿದ್ರೆ ಈ ಬೀದಿ ಅರ್ಧ ನಿಮ್ಮದು. ಹೇಳಿ.” ಒತ್ತಿ, ಕಣ್ಣು ಮುಚ್ಚಿದರು.

ಎಂಟು ತಿಂಗಳ ಮೇಲೆ ಊರಿಗೆ ಕೇಳಿದ ದೊಡ್ಡಪ್ಪನ ಮೊದಲ ಮಾತು ಸೊಳ್ಳೆಯ ದನಿಯಲ್ಲಿ ಹೊರಟಿತು. “ಮಾರಲ್ಲ. ಇಳಿಯೋವಾಗ ಮಾರೋನು ದಡ್ಡ.”

ಬೆರಳು ಇಳಿಯಿತು. ಜನ ಬುದ್ಧಿ ಹೇಳಿದರು. ಸಹಕಾರ ಸಂಘದವರು ಶಾಲಿನ ನೆನಪು ಮಾಡಿಕೊಟ್ಟರು. ದೊಡ್ಡಪ್ಪ ಎಲ್ಲರ ಕಡೆ ತಿರುಗಿ, ಅಂಗಡಿಯಲ್ಲಿ ಗಿರಾಕಿಗೆ ಕೆಟ್ಟ ವಾಲ್ವು ತೋರಿಸುವ ಹಾಗೆ ಬೆರಳೆತ್ತಿ ವಿವರಿಸತೊಡಗಿದರು. “ಇದೆಲ್ಲ ತಾತ್ಕಾಲಿಕ ಕಣ್ರಯ್ಯ” ಎಂಬುದು ಗುಬ್ಬಚ್ಚಿಯ ದನಿಯಲ್ಲಿ ಬಂತು. “ಇದನ್ನ ಮಾಡೋದು ಮರಳಿಂದ” ಎಂಬುದು ಪ್ರಾರ್ಥನೆಯ ಹುಡುಗಿಯ ದನಿಯಲ್ಲಿ. “ಮರಳು ಎಲ್ಲಾದ್ರೂ ಖಾಲಿ ಆಗುತ್ತಾ” ಎನ್ನುವಾಗ ಮದುವಣಗಿತ್ತಿಯ ದನಿಗೆ ಇಳಿದಿದ್ದರು. ಇನ್ನೂ ಎಷ್ಟೋ ಮನೆ ಮೇಲಿತ್ತು. ಇನ್ನೂ ನನ್ನ ಕೋಣೆಗೂ ಮೈಕಿಗೂ ದಪ್ಪ ಬಟ್ಟೆಗೂ ಸಾಕಾಗುವಷ್ಟು ಇತ್ತು.

ಮತ್ತು ಆ ದನಿ ನನ್ನ ಗಂಟಲಿಗೆ ನಿಲುಕುತ್ತಿತ್ತು. ಪದ್ಮರಾಜಯ್ಯನವರು ಕಣ್ಣು ಮುಚ್ಚಿದ್ದರು. ಎರಡಕ್ಷರದ ಮಾತು. ನಾನು ಬಾಯಿ ತೆರೆದು “ಮಾ” ಎಂದದ್ದೇ ತಡ, ತೆರೆದ ಬಾಯೊಳಗೆ ಒಂದು ದೊಡ್ಡ ತುಂಡು ಚಿಕ್ಕಿ ಬಂದು ಕೂತಿತು. ದೊಡ್ಡಮ್ಮ ನನ್ನ ಕಡೆ ನೋಡಲೂ ಇಲ್ಲ. “ತಿನ್ನು. ಬೆಳಗ್ಗೆಯಿಂದ ಏನೂ ತಿಂದಿಲ್ಲ ನೀನು.” ನನ್ನ ಮೇಲಿನ ಸಾಲು ಕೆಳಗಿನ ಸಾಲಿಗೆ ಅಂಟಿತು. “ರು” ಒಳಗೇ ಉಳಿಯಿತು.

ಬೆರಳು ಇಳಿಯುತ್ತಲೇ ಇತ್ತು. ಕಪ್ಪು ಐದು, ಕಪ್ಪು ನಾಲ್ಕು, ಬಿಳಿ ನಾಲ್ಕು. ದೊಡ್ಡಮ್ಮ ಹಾರ್ಮೋನಿಯಂ ಮೇಲೆ ಬಗ್ಗಿದರು. ಕುಂಕುಮದ ಬೊಟ್ಟು ಮೂರು ವರ್ಷದ ಬೆರಳುಗಳಿಗೆ ಸವೆದು, ಅಲ್ಲಿ ಇತ್ತು ಎಂದು ಗೊತ್ತಿದ್ದವರಿಗೆ ಮಾತ್ರ ಕಾಣುವಷ್ಟು ಉಳಿದಿತ್ತು. ದೊಡ್ಡಪ್ಪ ಮರಳಿನ ಭವಿಷ್ಯ ಮುಗಿಸಿ ತಿರುಗಿದವರು ಹೆಂಡತಿಯನ್ನು ಆಗ ನೋಡಿದರು.

“ಮಂಗಳಾ, ನೀನ್ಯಾಕೆ ಬಂದೆ ಇಲ್ಲಿಗೆ? ಒಲೆ ಆರಿಸಿ ಬಂದ್ಯಾ?”

ಕೊನೆಯಲ್ಲಿ ಸ್ವಲ್ಪ ಕರಕರ ಇತ್ತು. ಸ್ಟೇಷನ್ನು ಒಂದು ಕೂದಲು ಪಕ್ಕಕ್ಕೆ ಸರಿದ ಹಾಗೆ. ಇಷ್ಟು ತಿಂಗಳು ಪಾಠ ಹೇಳಿಸಿಕೊಂಡರೂ ನನಗೆ ಅದು ಒಲಿದಿರಲಿಲ್ಲವೆಂದು ಆಗ ನನಗೆ ಗೊತ್ತಾಯಿತು. ದೊಡ್ಡಮ್ಮ ಒಂದು ಉಸಿರು ಎಳೆಯುವಷ್ಟು ಹೊತ್ತು ಕಣ್ಣು ಮುಚ್ಚಿಕೊಂಡರು.

“ಬಿಳಿ ಮೂರು” ಎಂದರು ಪದ್ಮರಾಜಯ್ಯನವರು. “ಕೊಂಡ ಬೆಲೆ. ಇದರ ಕೆಳಗೆ ನಷ್ಟ. ಹೇಳಿ ತಿಪ್ಪೇರುದ್ರಪ್ನೋರೇ.” ಒತ್ತಿದರು, ಕಣ್ಣು ಮುಚ್ಚಿದರು. ಸ್ವರ ಅಂಗಡಿ ತುಂಬ ನಿಂತಿತು. ದೊಡ್ಡಪ್ಪ ಎದೆ ಉಬ್ಬಿಸಿ, ಬಾಯಿ ತೆರೆದು, ಮಾರಲ್ಲ ಎನ್ನಲು ಉಸಿರು ತೆಗೆದುಕೊಂಡರು.

“ಮಾರು.”

ದೊಡ್ಡಪ್ಪನದೇ ದನಿ. ಮನೆಯ ದನಿ, ಗಿರಾಕಿಯ ದನಿಯಲ್ಲ. ಕೊನೆಯಲ್ಲಿ ಕರಕರ, ಎಷ್ಟು ಬೇಕೋ ಅಷ್ಟೇ. ಸ್ವರದೊಳಗೆ ಅದು ಡಬ್ಬಿಗೆ ಮುಚ್ಚಳ ಕೂತಂತೆ ಕೂತಿತು. ಪದ್ಮರಾಜಯ್ಯನವರು ಕಣ್ಣು ಬಿಟ್ಟು, ಫೋನಿನಲ್ಲಿ “ಮಾರಿ” ಎಂದು ಹೇಳಿ, ಹಾರ್ಮೋನಿಯಂನ ತಿದಿ ಮುಚ್ಚಿದರು.

ಊರೆಲ್ಲ ನನ್ನ ಕಡೆ ನೋಡಿತು. ದೊಡ್ಡಪ್ಪನೂ ನೋಡಿದರು. ನಾನು ತುಟಿ ಅಗಲಿಸಿ ಅಂಟಿಕೊಂಡ ಹಲ್ಲುಗಳನ್ನು ತೋರಿಸಿದೆ. ಗುಂಪಿನಲ್ಲಿದ್ದ ಹಲ್ಲಿನ ಡಾಕ್ಟರು ಮುಂದೆ ಬಂದು, ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, “ಇನ್ನೂ ಹತ್ತು ನಿಮಿಷ ಈ ಹುಡುಗಿ ಮಾತಾಡೋ ಹಾಗೇ ಇಲ್ಲ” ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ದೊಡ್ಡಪ್ಪ ನಿಧಾನವಾಗಿ ಹೆಂಡತಿಯ ಕಡೆ ತಿರುಗಿದರು. ದೊಡ್ಡಮ್ಮ ಚಿಕ್ಕಿ ಡಬ್ಬಿಯ ಮುಚ್ಚಳ ಹಾಕುತ್ತಿದ್ದರು.

“ಯಾರ್ರೀ ಹೇಳಿದ್ದು?” ಎಂದರು ದೊಡ್ಡಪ್ಪ.

“ನೀವೇ ಸ್ವಾಮಿ” ಎಂದರು ಪದ್ಮರಾಜಯ್ಯ. “ಮೂವತ್ತು ವರ್ಷದಿಂದ ಈ ಕಿವಿ ತಪ್ಪಿಲ್ಲ.”

“ನಾನು ಮಾರಲ್ಲ ಅನ್ನೋನಿದ್ದೆ.”

“ಅನ್ನೋನಿದ್ರಿ. ಅಂದಿದ್ದು ಇದು.”

ದೊಡ್ಡಪ್ಪ ಗಂಟಲು ಮುಟ್ಟಿ ನೋಡಿಕೊಂಡರು. ಮೂರು ವರ್ಷದಿಂದ ತಮ್ಮ ದನಿಯನ್ನು ತಾವೇ ಕೇಳಿರದ ಮನುಷ್ಯ. ಅದು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ಆಣೆ ಮಾಡಿ ಹೇಳಲು ಅವರಿಗೂ ಧೈರ್ಯ ಬರಲಿಲ್ಲ. “ನಡೀರಿ, ಸಾರು ಆರುತ್ತೆ” ಎಂದು ದೊಡ್ಡಮ್ಮ ತಮ್ಮ ದನಿಯಲ್ಲಿ ಹೇಳಿ, ಅವರ ತೋಳು ಹಿಡಿದುಕೊಂಡು ಮೆಟ್ಟಿಲಿಳಿದರು. ಬೀದಿಯಲ್ಲಿ ಅವರಿಗೆ ಕುರ್ಚಿ ಕೊಡಲು ಯಾರೂ ಏಳಲಿಲ್ಲ. ಮೂಲೆಯಲ್ಲಿ ವೀರಭದ್ರಪ್ಪನವರು ಏನೋ ಅಂದಿರಬೇಕು, ಕಿಟಕಿಯ ಗಾಜು ಇನ್ನೊಮ್ಮೆ ಗುಯ್‌ಗುಟ್ಟಿತು.

ನವಕಣದ ಷೇರು ಅವತ್ತು ಸಂಜೆಯೊಳಗೆ ಇನ್ನೆರಡು ಮನೆ ಇಳಿದು, ಒಂದು ತಿಂಗಳು ಅಲ್ಲೇ ಮಲಗಿ, ಆಮೇಲೆ ಎದ್ದು ನಡೆಯಲು ಶುರು ಮಾಡಿತು. ಆರು ತಿಂಗಳಲ್ಲಿ ಬಿಳಿ ಮೂರನ್ನು ಹಿಂದೆ ಬಿಟ್ಟಿತು. ಈಗ ಮತ್ತೆ ಮರದ ಪಟ್ಟಿಯ ಹತ್ತಿರ ಇದೆ. ಅಂಗಡಿ ಮಾರಿದಷ್ಟೇ ದುಡ್ಡು ವಾಪಸು ಬಂದು, ಅಷ್ಟರಲ್ಲಿ ಅಂಗಡಿಯ ಬೆಲೆ ಏರಿದ್ದರಿಂದ, ದೊಡ್ಡಪ್ಪ ಮೊದಲಿನ ಅಂಗಡಿಯನ್ನು ಮತ್ತೆ ಕೊಳ್ಳಲಾಗದೆ, ನಿಲ್ದಾಣದ ಎದುರಿನ ಆ ಖಾಲಿ ಕೋಣೆಯನ್ನೇ ಬಾಡಿಗೆಗೆ ಹಿಡಿದು ರೇಡಿಯೊ, ಮಿಕ್ಸರು, ಮೊಬೈಲು ಎಲ್ಲ ಬಿಚ್ಚಿಡುತ್ತಾರೆ. ನನಗೆ ಮೈಕು ಬರಲಿಲ್ಲ. ಬೆಳಗ್ಗೆ ಬೀಗ ಮುಟ್ಟುವ ಬದಲು ಒಳಗೆ ಹೋಗಿ ಕಾಫಿ ಕುಡಿಯುತ್ತೇನೆ.

ಮೊನ್ನೆ ಹಾಗೆ ಹೋದಾಗ ದೊಡ್ಡಮ್ಮ ಹೊಸಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಒಳಗೆ ದೊಡ್ಡಪ್ಪ ಒಂದು ಫೋನಿನ ಮೇಲೆ ಬಗ್ಗಿದ್ದರು. ನಾನು ದನಿ ತಗ್ಗಿಸಿ, “ದೊಡ್ಡಮ್ಮ, ಅವತ್ತು ಅಂಗಡಿಯಲ್ಲಿ ಮಾರು ಅಂದಿದ್ದು” ಎಂದು ಶುರು ಮಾಡಿದೆ. ದೊಡ್ಡಮ್ಮ ಪಕ್ಕದಲ್ಲಿದ್ದ ಡಬ್ಬಿ ತೆಗೆದು ಮುಂದೆ ಹಿಡಿದರು. ನಾನು ಒಂದು ತುಂಡು ತೆಗೆದುಕೊಂಡೆ. ಆಮೇಲೆ ಕೇಳುವುದಕ್ಕೆ ಏನೂ ಉಳಿಯಲಿಲ್ಲ, ಕೇಳಿಸಿಕೊಳ್ಳುವುದೊಂದೇ.

“ನೋಡಿದ್ಯಾ ಮಂಗಳಾ, ಪೇಪರು” ಎಂದು ಒಳಗಿನಿಂದ ದೊಡ್ಡಪ್ಪ ದಿನದ ಮಾತು ತೆಗೆದರು. “ಇನ್ನೆರಡೇ ಮನೆ ಅಂತೆ. ಅವತ್ತು ಒಂದು ಗಳಿಗೆ ಬಾಯಿ ಮುಚ್ಕೊಂಡಿದ್ದಿದ್ರೆ ಸಾಕಿತ್ತು. ಎಂಥ ಬುದ್ಧಿ ಬಂತೋ ನನಗೆ. ಇವತ್ತು ಈ ಬೀದಿ ಪೂರಾ ನಮ್ಮದಾಗಿರ್ತಿತ್ತು. ಆ ಸಿನಿಮಾ ಟಾಕೀಸೂ ಸೇರಿ.”

ದೊಡ್ಡಮ್ಮ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಿ, ಒಂದು ಕಿವಿ ಬಾಗಿಲ ಕಡೆ ತಿರುಗಿಸಿಕೊಂಡು ಕೂತಿದ್ದರು. ಮಾತು ಮುಗಿದು, ಕೊನೆಯ ಕರಕರವೂ ಮುಗಿದ ಮೇಲೆ ಕೇಳಿದರು:

“ಟಾಕೀಸೂ ಸೇರಿ ಅಂದ್ರಾ? ಸರಿಯಾಗಿ ಕೇಳಿಸ್ಲಿಲ್ಲ. ಮೊದಲಿಂದ ಹೇಳ್ರಿ.”